ಒಬ್ಬರ ಕ್ಲಾಸ್‌ಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ಮೈಸೂರಿನಲ್ಲಿ ಆರು ಜನ ಗೆಳೆಯರಿಗೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಹಾಕುತ್ತ ಕಥೆ ಕಟ್ಟುವ ಆಟವನ್ನು ನಡೆಸುತ್ತಿದ್ದೇನೆ. ಆಡುತ್ತಿರುವುದು 2014ರ ಐದನೇ ಆವೃತ್ತಿ, ಒಬ್ಬೊಬ್ಬರದು ಒಂದೊಂದು ಕ್ಲಾಸ್ (ಪಾತ್ರದ ವೃತ್ತಿ), ಎಲ್ಲರೂ ಈಗ 5ನೇ ಲೆವೆಲ್. ನಮ್ಮ ರೋಗ್ (ಕಳ್ಳಹೆಜ್ಜೆಯ ಪಾತ್ರ) ಪ್ರತಿ ಸರದಿಯಲ್ಲೂ ಸ್ನೀಕ್ ಅಟ್ಯಾಕ್ (ಹೆಚ್ಚುವರಿ ದಾಳಗಳ ಏಟು) ಹಾಕುತ್ತಾಳೆ, ಆರ್ಕ್‌ಗಳು ಒಂದೇ ಏಟಿಗೆ ಉರುಳುತ್ತವೆ. ಅಡಗಿದ್ದಾಗ ಮಾತ್ರ ಸ್ನೀಕ್ ಅಟ್ಯಾಕ್ ಎಂದು ನಿಯಮ ಮಾಡಬೇಕೆಂದಿದ್ದೇನೆ. ವಾರ್‌ಲಾಕ್ ಆಡುವವನು ತನಗೆ ಎರಡೇ ಮಂತ್ರ, ವಿಜರ್ಡ್‌ಗೆ ಮುಗಿಯುವುದೇ ಇಲ್ಲ ಎಂದು ದೂರುತ್ತಾನೆ. ಅವನಿಗೆ ಎರಡು ಸ್ಲಾಟ್ (ಮಂತ್ರ ಹಾಕುವ ಅವಕಾಶ) ಹೆಚ್ಚು ಕೊಡಲೇ? ಬೀಸ್ಟ್ ಮಾಸ್ಟರ್ ರೇಂಜರ್ ಆಡುವವಳ ಜೊತೆಗಾರ ತೋಳ ಸತ್ತುಹೋಗಿ ಅವಳು ಮಂಕಾಗಿದ್ದಾಳೆ. ಪಲಾಡಿನ್‌ಗೆ (ದೈವಬಲದ ಯೋಧ) ಈಗ ಹೆಕ್ಸ್‌ಬ್ಲೇಡ್‌ನ, ಅಂದರೆ ವಾರ್‌ಲಾಕ್‌ನ ಒಂದು ಉಪಬಗೆಯ, ಒಂದು ಲೆವೆಲ್ ಬೇಕಂತೆ. ಬೇಡವೆನ್ನುವ ಅಧಿಕಾರ ನನಗಿದೆಯೇ? ದಾಳದಲ್ಲಿ 1 ಬಿದ್ದರೆ ಆಯುಧ ಕೈಜಾರುತ್ತದೆ ಎಂಬ ನಿಯಮ ಆಗಲೇ ಇದೆ. ಅದರಿಂದ ನಮ್ಮ ಫೈಟರ್‌ಗೆ ಸಿಟ್ಟು. ಪರಿಷ್ಕೃತ 2024ರ ಪುಸ್ತಕದ ಕ್ಲಾಸ್‌ಗಳನ್ನು ಬೆರೆಸಿದರೆ ಇವೆಲ್ಲ ಸರಿಹೋಗುತ್ತವೆಯೇ? ಆಟ ಕೈತಪ್ಪುತ್ತಿದೆ, ಆದರೆ ನಿಯಮ ಬದಲಿಸಿ ಗೆಳೆತನಕ್ಕೆ ಪೆಟ್ಟು ಬೀಳುವುದೂ ಬೇಡ.

ಉತ್ತರ:

ನಿಮ್ಮ ಕೊನೆಯ ವಾಕ್ಯದಲ್ಲಿರುವ ಅಂಜಿಕೆ ಸರಿಯಾದದ್ದೇ. ಉಳಿದ ಹೌಸ್ ರೂಲ್‌ಗಳಿಗೂ (ಆಡುವವರೇ ಮಾಡಿಕೊಳ್ಳುವ ನಿಯಮ) ಕ್ಲಾಸ್‌ಗೆ ಸಂಬಂಧಿಸಿದ ಹೌಸ್ ರೂಲ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗಳಿಗೆ ಹೋಗುವಂತಿಲ್ಲ ಎಂಬ ಕಟ್ಟು ಕೆಲವರ ಮನೆಯಲ್ಲಿದೆ, ಕೆಲವರ ಮನೆಯಲ್ಲಿಲ್ಲ. ಇದ್ದರೂ ಇಲ್ಲದಿದ್ದರೂ ಆಡುವ ಎಲ್ಲರಿಗೂ ಅದು ಒಂದೇ. ಸ್ನೀಕ್ ಅಟ್ಯಾಕ್‌ಗೆ ಮಿತಿ ಹಾಕಿದರೆ ಹಾಗಾಗುವುದಿಲ್ಲ. ಆರು ಜನರಲ್ಲಿ ಒಬ್ಬಳ ಪಾತ್ರದ ಹಾಳೆಯ ಮೇಲೆ ಮಾತ್ರ ನೀವು ಗೆರೆ ಎಳೆಯುತ್ತೀರಿ, ಅದೂ ಉಳಿದ ಐವರ ಎದುರಿನಲ್ಲಿ. ವೃತ್ತಿಯಾಗಿ ಆಟ ನಡೆಸುತ್ತ, ಬೇರೆಯವರ ಮೇಜುಗಳನ್ನೂ ನೋಡುತ್ತ ಬಂದಿರುವ ನನಗೆ ಇಂಥ ದೂರು ಬಂದಾಗ ಮೊದಲು ಕೇಳುವುದು, ನಿಯಮವನ್ನು ಪುಸ್ತಕದಲ್ಲಿರುವಂತೆಯೇ ಓದಿದ್ದೀರಾ ಎಂದು. ಆಮೇಲೆ, ಆ ಕ್ಲಾಸನ್ನು ಯಾವ ಬಗೆಯ ದಿನಕ್ಕಾಗಿ ರಚಿಸಿದರೋ ಆ ಬಗೆಯ ದಿನ ನಿಮ್ಮ ಕಥೆಯಲ್ಲಿ ಇದೆಯೇ ಎಂದು. ಇವೆರಡೂ ಸರಿಯಿದ್ದು ತೊಂದರೆ ಉಳಿದರೆ ಮಾತ್ರ ಕ್ಲಾಸ್‌ಗೆ ಕೈಹಾಕಬೇಕು. ಆಗಲೂ ಒಬ್ಬರಿಂದ ಕಿತ್ತುಕೊಳ್ಳುವುದಕ್ಕಿಂತ ಇನ್ನೊಬ್ಬರಿಗೆ ಕೊಡುವುದು ಮೇಲು.

ರೋಗ್ ವಿಷಯಕ್ಕೆ ಬರೋಣ. ಸ್ನೀಕ್ ಅಟ್ಯಾಕ್ ಎಂಬ ಹೆಸರು ಕೇಳಿದ ಕೂಡಲೇ ಕತ್ತಲಲ್ಲಿ ಹಿಂದಿನಿಂದ ಬಂದು ಚುಚ್ಚುವ ಚಿತ್ರ ಮನಸ್ಸಿಗೆ ಬರುತ್ತದೆ, ಹಾಗಾಗಿ ಅಡಗಿರಲೇಬೇಕು ಎಂದು ಅನೇಕ ಡಿಎಂಗಳು (ಆಟ ನಡೆಸುವ ಡಂಜನ್ ಮಾಸ್ಟರ್‌ಗಳು) ನಂಬಿದ್ದಾರೆ. ಪುಸ್ತಕ ಹಾಗೆ ಹೇಳುವುದಿಲ್ಲ. ದಾಳಿಗೆ ಅಡ್ವಾಂಟೇಜ್ (ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ಹಿಡಿಯುವುದು) ಇರಬೇಕು. ಇಲ್ಲವೇ ಗುರಿಯ ಇನ್ನೊಬ್ಬ ಶತ್ರು, ಅಂದರೆ ಸಾಮಾನ್ಯವಾಗಿ ನಿಮ್ಮ ಫೈಟರ್ ಅಥವಾ ಪಲಾಡಿನ್, ಆ ಗುರಿಯಿಂದ ಐದು ಅಡಿಯೊಳಗೆ ಎಚ್ಚರವಾಗಿ ನಿಂತಿರಬೇಕು ಮತ್ತು ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡರಲ್ಲಿ ಚಿಕ್ಕದನ್ನು ಹಿಡಿಯುವುದು) ಇರಬಾರದು. ಆಯುಧ ಬಲದ ಬದಲು ಚುರುಕಿನಿಂದ ಬಳಸಬಹುದಾದ ಫಿನೆಸ್ ಗುಣದ್ದೋ ದೂರದಿಂದ ಹೊಡೆಯುವಂಥದ್ದೋ ಆಗಿರಬೇಕು. ಒಂದು ಸರದಿಗೆ ಒಮ್ಮೆ ಮಾತ್ರ. ಇಷ್ಟನ್ನು ನಿಮ್ಮ ಆಟಗಾರ್ತಿ ಪಾಲಿಸುತ್ತಿದ್ದರೆ ಪ್ರತಿ ಸರದಿಯಲ್ಲೂ ಸ್ನೀಕ್ ಅಟ್ಯಾಕ್ ಬೀಳುವುದು ದುರುಪಯೋಗವಲ್ಲ, ಆ ಕ್ಲಾಸ್‌ನ ಸಹಜ ಸ್ಥಿತಿಯೇ ಅದು. ರೋಗ್‌ನ ಒಟ್ಟು ಲೆಕ್ಕಾಚಾರವೇ ಆ ದಾಳಗಳ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡಿ. 5ನೇ ಲೆವೆಲ್‌ನ ರೋಗ್ ಕೈಯಲ್ಲಿ ರೇಪಿಯರ್ (ತೆಳು ಕತ್ತಿ), ಡೆಕ್ಸ್ಟೆರಿಟಿ (ಚುರುಕು) 18. ಹೊಡೆತ ತಗುಲಿದರೆ ಒಂದು ಡಿ8 (ಎಂಟು ಮುಖದ ದಾಳ), ಚುರುಕಿನಿಂದ ಬರುವ 4, ಮೂರು ಡಿ6: ಸರಾಸರಿ 19. ಅದೇ ಲೆವೆಲ್‌ನ ಫೈಟರ್ ಗ್ರೇಟ್‌ಸೋರ್ಡ್ ಹಿಡಿದು, ಸ್ಟ್ರೆಂತ್ 18 ಇಟ್ಟುಕೊಂಡು ಎರಡು ಸಲ ಬೀಸುತ್ತಾನೆ: ಎರಡೂ ತಗುಲಿದರೆ 22. ಎಸಿ (ಏಟು ತಗುಲಲು ಮುಟ್ಟಬೇಕಾದ ರಕ್ಷಣೆಯ ಅಂಕ) 15 ಇರುವ ಶತ್ರುವಿಗೆ ಇಬ್ಬರ ಏಟೂ ತಗುಲುವ ಸಾಧ್ಯತೆ ಶೇ. 65. ಕ್ರಿಟಿಕಲ್‌ಗಳನ್ನು (20 ಬಿದ್ದಾಗ ಸಿಗುವ ಇಮ್ಮಡಿ ದಾಳ) ಬಿಟ್ಟರೆ ರೋಗ್‌ನ ಸರಾಸರಿ ಸರದಿಗೆ ಸುಮಾರು 12.4, ಫೈಟರ್‌ನದು 14.3. ರೋಗ್‌ಗೆ ಅಡ್ವಾಂಟೇಜ್ ಸಿಕ್ಕರೆ ಅದು 16.7ರ ಹತ್ತಿರ ಹೋಗುತ್ತದೆ, ನಿಜ. ಆದರೆ ಫೈಟರ್‌ಗೆ ಆ್ಯಕ್ಷನ್ ಸರ್ಜ್ (ಒಂದೇ ಸರದಿಯಲ್ಲಿ ಇನ್ನೊಂದು ಆ್ಯಕ್ಷನ್) ಇದೆ, ದಪ್ಪ ಕವಚವಿದೆ, ಹೆಚ್ಚು ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) ಇದೆ. ಇನ್ನು ಸ್ನೀಕ್ ಅಟ್ಯಾಕ್ ಕಿತ್ತುಕೊಂಡರೆ ರೋಗ್‌ನ ಸರಾಸರಿ 5.5ಕ್ಕೆ ಇಳಿಯುತ್ತದೆ. ನಿಮ್ಮ ಯೋಜಿತ ನಿಯಮ ಅವಳನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ.

ಹಾಗಿದ್ದರೂ ನಿಮಗೆ ಅತಿಯಾಯಿತು ಎನಿಸಲು ಕಾರಣಗಳಿವೆ. ನಾಲ್ಕು ದಾಳ ಒಟ್ಟಿಗೆ ಮೇಜಿನ ಮೇಲೆ ಉರುಳಿದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಫೈಟರ್‌ನ ಹನ್ನೊಂದು ಮತ್ತು ಹನ್ನೊಂದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ರೋಗ್ ಗುರಿ ತಪ್ಪಿದ ಸರದಿಗಳೂ ಹಾಗೆಯೇ ಮರೆತುಹೋಗುತ್ತವೆ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸರದಿಗಳಲ್ಲಿ ಅವಳಿಂದ ಏನೂ ಆಗುವುದಿಲ್ಲ, ಫೈಟರ್‌ನ ಎರಡೂ ಏಟು ತಪ್ಪುವುದು ಎಂಟರಲ್ಲಿ ಒಂದು ಸಲ. ಇನ್ನೊಂದು ಕಾರಣ ನಿಮ್ಮ ಆರ್ಕ್‌ಗಳದ್ದು. ಆರ್ಕ್‌ನ ಸರಾಸರಿ ಹಿಟ್ ಪಾಯಿಂಟ್ 15. 19ರ ಏಟಿಗೆ ಅದು ಉರುಳಲೇಬೇಕು. ಮುಂದಿನ ಸಲ ಮೇಜಿನ ಮೇಲೆ ಒಂದು ಓಗರ್ ಇಡಿ, ಅದಕ್ಕೆ 59 ಹಿಟ್ ಪಾಯಿಂಟ್. ಅಥವಾ ಏಳು ಹಿಟ್ ಪಾಯಿಂಟ್‌ನ ಗಾಬ್ಲಿನ್‌ಗಳನ್ನು ಹತ್ತು ಹನ್ನೆರಡು ಬಿಡಿ. ಗಾಬ್ಲಿನ್ ಮೇಲೆ ಬಿದ್ದ 19ರಲ್ಲಿ 12 ವ್ಯರ್ಥ, ಆದರೆ ಫೈಟರ್ ಅದೇ ಸರದಿಯಲ್ಲಿ ಎರಡನ್ನು ಕೆಡವಬಲ್ಲ, ವಿಜರ್ಡ್‌ನ ಫೈರ್‌ಬಾಲ್ ಇಡೀ ಗುಂಪನ್ನೇ ಸುಡುತ್ತದೆ. ನೀವು ಪ್ರತಿ ವಾರ ನಾಲ್ಕೈದು ಆರ್ಕ್‌ಗಳನ್ನೇ ತರುತ್ತಿದ್ದರೆ, ರೋಗ್ ಮಿಂಚಲು ಇದಕ್ಕಿಂತ ಹದವಾದ ಅಂಗಳ ಬೇರೆ ಬೇಕಿಲ್ಲ.

‘ಅಡಗಿದ್ದಾಗ ಮಾತ್ರ’ ಎಂಬ ನಿಯಮದಲ್ಲಿ ಇನ್ನೊಂದು ತೊಡಕೂ ಇದೆ. ಬಿಲ್ಲು ಹಿಡಿದ ರೋಗ್ 2ನೇ ಲೆವೆಲ್‌ನಿಂದಲೇ, ಸರದಿಯ ಮುಖ್ಯ ಆ್ಯಕ್ಷನ್ ಜೊತೆಗೆ ಸಿಗುವ ಬೋನಸ್ ಆ್ಯಕ್ಷನ್‌ನಲ್ಲಿ ಕಂಬದ ಹಿಂದೆ ಅಡಗಬಹುದು, ಅವಳಿಗೆ ನಿಮ್ಮ ನಿಯಮ ಅಷ್ಟಾಗಿ ತಟ್ಟುವುದಿಲ್ಲ. ಫೈಟರ್ ಪಕ್ಕಕ್ಕೆ ಬಂದು, ಪೆಟ್ಟು ತಿನ್ನುವ ಅಪಾಯ ಹೊತ್ತು ರೇಪಿಯರ್ ಹಿಡಿಯುವವಳಿಗೆ ಪೂರ್ತಿ ತಟ್ಟುತ್ತದೆ. ಧೈರ್ಯದ ಆಟಕ್ಕೆ ದಂಡ, ಕಂಬದ ಹಿಂದಿನ ಆಟಕ್ಕೆ ಬಹುಮಾನ. ದಯವಿಟ್ಟು ಈ ನಿಯಮ ತರಬೇಡಿ.

ವಾರ್‌ಲಾಕ್‌ನ ದೂರು ಬೇರೆ ಜಾತಿಯದು. ಇಲ್ಲಿ ಅವನು ಹೇಳುತ್ತಿರುವುದು ನಿಜ. ಆದರೆ ತೊಂದರೆ ಇರುವುದು ಕ್ಲಾಸ್‌ನಲ್ಲಲ್ಲ, ನಿಮ್ಮ ದಿನಚರಿಯಲ್ಲಿ. 5ನೇ ಲೆವೆಲ್ ವಾರ್‌ಲಾಕ್‌ಗೆ ಎರಡೇ ಸ್ಲಾಟ್, ಎರಡೂ 3ನೇ ಹಂತದವು, ಒಂದು ಗಂಟೆಯ ಶಾರ್ಟ್ ರೆಸ್ಟ್ ಮಾಡಿದರೆ ಎರಡೂ ಮರಳಿ ಬರುತ್ತವೆ. ವಿಜರ್ಡ್‌ಗೆ ಒಟ್ಟು ಒಂಬತ್ತು ಸ್ಲಾಟ್: 1ನೇ ಹಂತದವು ನಾಲ್ಕು, 2ನೇ ಹಂತದವು ಮೂರು, 3ನೇ ಹಂತದವು ಎರಡು. ಅವು ಪೂರ್ತಿಯಾಗಿ ಮರಳುವುದು ಎಂಟು ಗಂಟೆಯ ಲಾಂಗ್ ರೆಸ್ಟ್ ಆದ ಮೇಲೆಯೇ. ನಡುವೆ ಆರ್ಕೇನ್ ರಿಕವರಿಯಿಂದ ದಿನಕ್ಕೊಮ್ಮೆ ಸ್ವಲ್ಪ ತುಂಬಿಕೊಳ್ಳಬಹುದು. ದಿನದಲ್ಲಿ ಎರಡು ಶಾರ್ಟ್ ರೆಸ್ಟ್ ಸಿಕ್ಕರೆ ವಾರ್‌ಲಾಕ್ 3ನೇ ಹಂತದ ಮಂತ್ರವನ್ನು ಆರು ಸಲ ಬಿಡುತ್ತಾನೆ, ವಿಜರ್ಡ್ ಹೆಚ್ಚೆಂದರೆ ಮೂರು ಸಲ. ಒಂದೂ ಸಿಗದಿದ್ದರೆ ಒಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂಬತ್ತು.

2014ರ ಡಂಜನ್ ಮಾಸ್ಟರ್ಸ್ ಗೈಡ್ ಲೆಕ್ಕ ಹಾಕಿರುವುದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಎದುರಾಟಗಳು, ನಡುವೆ ಸುಮಾರು ಎರಡು ಶಾರ್ಟ್ ರೆಸ್ಟ್ ಎಂದು. ನಾನು ನೋಡಿರುವ ಮೇಜುಗಳಲ್ಲಿ ಈ ಲೆಕ್ಕಕ್ಕೆ ಹತ್ತಿರ ಹೋಗುವವರು ಕಡಿಮೆ. ಸಂಜೆ ಮೂರು ಗಂಟೆ ಆಡುತ್ತಾರೆ, ಅದರಲ್ಲಿ ಒಂದು ಕಾಳಗ, ಆಮೇಲೆ ಊಟದ ಹೊತ್ತಾಯಿತೆಂದು ಪಾತ್ರಗಳನ್ನೂ ಮಲಗಿಸಿ ಎಲ್ಲ ಸ್ಲಾಟ್ ತುಂಬಿಸಿಬಿಡುತ್ತಾರೆ. ಸೆಷನ್ ಮುಗಿದರೆ ಕಥೆಯ ದಿನವೂ ಮುಗಿಯಬೇಕೆಂದೇನಿಲ್ಲ. ಗುಹೆಯ ನಡುವಿನಲ್ಲೇ ನಿಲ್ಲಿಸಿ, ಯಾರ ಬಳಿ ಎಷ್ಟು ಸ್ಲಾಟ್ ಉಳಿದಿದೆ ಎಂದು ಹಾಳೆಯಲ್ಲಿ ಬರೆಸಿಕೊಂಡು, ಮುಂದಿನ ವಾರ ಅಲ್ಲಿಂದಲೇ ಶುರುಮಾಡಿ. ಇದೊಂದೇ ಅಭ್ಯಾಸದಿಂದ ವಿಜರ್ಡ್ ಕೈ ಹಿಡಿತಕ್ಕೆ ಬಂದದ್ದನ್ನು, ವಾರ್‌ಲಾಕ್ ಮುಖ ಅರಳಿದ್ದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಫೈಟರ್‌ಗೂ ಇದರಲ್ಲಿ ಪಾಲಿದೆ, ಅವನ ಆ್ಯಕ್ಷನ್ ಸರ್ಜ್ ಮತ್ತು ಸೆಕೆಂಡ್ ವಿಂಡ್ ಮರಳುವುದೂ ಶಾರ್ಟ್ ರೆಸ್ಟ್‌ನಲ್ಲೇ.

ದಿನವನ್ನು ಹಿಗ್ಗಿಸಿದರೂ ಒಂದು ಗಂಟೆ ಕೂತು ವಿಶ್ರಮಿಸಲು ಕಥೆ ಬಿಡುತ್ತಿಲ್ಲವೆಂದರೆ, ಶಾರ್ಟ್ ರೆಸ್ಟ್ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ, ದಿನಕ್ಕೆ ಎರಡೇ ಎಂದು ಮಿತಿ ಹಾಕಿ. ಈ ನಿಯಮ ಆರು ಜನರಿಗೂ ಸಮನಾಗಿ ಅನ್ವಯಿಸುತ್ತದೆ, ಅದೇ ಇದರ ಗುಣ. ಗೈಡ್‌ನಲ್ಲೇ ಇರುವ ಇನ್ನೊಂದು ಐಚ್ಛಿಕ ಕ್ರಮದಲ್ಲಿ ಶಾರ್ಟ್ ರೆಸ್ಟ್ ಎಂಟು ಗಂಟೆ, ಲಾಂಗ್ ರೆಸ್ಟ್ ಏಳು ದಿನ. ವಾರಗಟ್ಟಲೆ ಕಾಡು ಸುತ್ತುವ, ಎರಡು ದಿನಕ್ಕೊಂದು ಕಾಳಗ ಬರುವ ಕಥೆಗೆ ಅದು ಹೊಂದುತ್ತದೆ. ಆದರೆ ಗುಹೆಯೊಳಗಿನ ಕಥೆಗೆ ಅದು ಉರುಳು: ಮೂರು ಕಾಳಗವಾದ ಮೇಲೆ ಊರಿಗೆ ಮರಳಿ ವಾರ ಕೂರಬೇಕಾಗುತ್ತದೆ. ಎಂಟು ಗಂಟೆ ಬಾಳುವ ಮೇಜ್ ಆರ್ಮರ್‌ನಂಥ ಮಂತ್ರಗಳ ಬೆಲೆಯೂ ಆಗ ಕುಸಿಯುತ್ತದೆ.

ಇನ್ನು ನೀವು ಕೇಳಿದ ಎರಡು ಹೆಚ್ಚುವರಿ ಸ್ಲಾಟ್. ಕೇಳಲು ಉದಾರವಾಗಿದೆ, ಆದರೆ ನಿಮ್ಮದೇ ಪಲಾಡಿನ್ ವಾರ್‌ಲಾಕ್‌ನ ಲೆವೆಲ್ ಕೇಳುತ್ತಿರುವಾಗ ಇದು ಅಪಾಯದ ಬಾಗಿಲು. 2014ರ ನಿಯಮದಲ್ಲಿ ಡಿವೈನ್ ಸ್ಮೈಟ್‌ಗೆ (ಸ್ಲಾಟ್ ವ್ಯಯಿಸಿ ಏಟಿನ ಡ್ಯಾಮೇಜ್ ಹೆಚ್ಚಿಸುವ ಪಲಾಡಿನ್ ಶಕ್ತಿ) ಯಾವ ಸ್ಲಾಟ್ ಆದರೂ ನಡೆಯುತ್ತದೆ. ವಾರ್‌ಲಾಕ್‌ಗೆಂದು ಕೊಟ್ಟ ಸ್ಲಾಟ್ ಪಲಾಡಿನ್‌ನ ಕತ್ತಿಯಲ್ಲಿ ಉರಿಯುತ್ತದೆ, ಪ್ರತಿ ಶಾರ್ಟ್ ರೆಸ್ಟ್‌ಗೂ ಮರಳಿ ಬರುತ್ತದೆ. ಕೊಡಲೇಬೇಕೆಂದರೆ 2024ರ ಪುಸ್ತಕ ಹಿಡಿದ ದಾರಿ ಒಳ್ಳೆಯದು: ವಾರ್‌ಲಾಕ್ ಒಂದು ನಿಮಿಷದ ವಿಧಿಯಿಂದ ಅರ್ಧದಷ್ಟು ಸ್ಲಾಟ್ ಮರಳಿ ಪಡೆಯಬಹುದು, ಲಾಂಗ್ ರೆಸ್ಟ್‌ಗೆ ಒಮ್ಮೆ ಮಾತ್ರ. 5ನೇ ಲೆವೆಲ್‌ನಲ್ಲಿ ಅದು ದಿನಕ್ಕೊಂದು ಸ್ಲಾಟ್ ಕೊಟ್ಟಂತೆ.

ರೇಂಜರ್‌ಗೆ ನಿಜವಾಗಿ ಅನ್ಯಾಯವಾಗಿದೆ, ಇದು ನಿಮ್ಮ ಮೇಜಿನ ತಪ್ಪಲ್ಲ. 2014ರ ಬೀಸ್ಟ್ ಮಾಸ್ಟರ್‌ನ ತೋಳಕ್ಕೆ 5ನೇ ಲೆವೆಲ್‌ನಲ್ಲಿ ಬರೇ 20 ಹಿಟ್ ಪಾಯಿಂಟ್. ಅದಕ್ಕೆ ದಾಳಿಯ ಆಜ್ಞೆ ಕೊಡಲು ರೇಂಜರ್ ತನ್ನ ಆ್ಯಕ್ಷನ್ ಬಿಟ್ಟುಕೊಡಬೇಕು. 5ನೇ ಲೆವೆಲ್ ಆದ ಮೇಲಷ್ಟೇ ಜೊತೆಗೆ ತಾನೂ ಒಂದೇಟು ಹೊಡೆಯಬಹುದು. ತೋಳ ಸತ್ತರೆ ಬೇರೊಂದು ಪ್ರಾಣಿಯೊಡನೆ ಎಂಟು ಗಂಟೆ ಕೂತು ನಂಟು ಬೆಳೆಸಬೇಕು. ಪ್ರಕಾಶಕರೇ 2015 ಮತ್ತು 2016ರಲ್ಲಿ ರೇಂಜರ್‌ನ ಪ್ರಾಯೋಗಿಕ ತಿದ್ದುಪಡಿಗಳನ್ನು ಹೊರತಂದರು, 2020ರ ತಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕದಲ್ಲಿ ಅಧಿಕೃತ ಪರ್ಯಾಯ ಕೊಟ್ಟರು. ಅಲ್ಲಿನ ಪ್ರೈಮಲ್ ಕಂಪ್ಯಾನಿಯನ್‌ಗೆ ನಿಮ್ಮ ಲೆವೆಲ್‌ನಲ್ಲಿ, ನೆಲದ ಪ್ರಾಣಿಯಾದರೆ, 30 ಹಿಟ್ ಪಾಯಿಂಟ್. ಆಜ್ಞೆಗೆ ಬೋನಸ್ ಆ್ಯಕ್ಷನ್ ಸಾಕು. ಸತ್ತು ಒಂದು ಗಂಟೆಯೊಳಗೆ ಒಂದು ಸ್ಪೆಲ್ ಸ್ಲಾಟ್ ವ್ಯಯಿಸಿ ಮುಟ್ಟಿದರೆ ನಿಮಿಷದಲ್ಲಿ ಎದ್ದು ನಿಲ್ಲುತ್ತದೆ. ನೀವಾಗಿ ಹೊಸದೇನನ್ನೂ ಕಟ್ಟದೆ ಇದನ್ನೇ ಕೊಡಿ. ಹಂಟರ್ಸ್ ಮಾರ್ಕ್ ಹಾಕಲೂ ಬೋನಸ್ ಆ್ಯಕ್ಷನ್ ಬೇಕಾದ್ದರಿಂದ ಮೊದಲ ಸರದಿಯಲ್ಲಿ ಮಂತ್ರವೋ ತೋಳವೋ ಎಂದು ಆರಿಸಬೇಕಾಗುತ್ತದೆ ಎಂಬುದನ್ನು ಅವಳಿಗೆ ಮೊದಲೇ ತಿಳಿಸಿ. ಸತ್ತ ತೋಳವೇ ಮರಳಿ ಬರುವುದಕ್ಕೆ ಕಥೆಯಲ್ಲಿ ಒಂದು ಜಾಗ ಮಾಡಿಕೊಡಿ. ಅವಳು ದುಃಖಪಟ್ಟಿರುವುದು ಅಂಕಿಗಳಿಗಾಗಿ ಅಲ್ಲ.

ರೇಂಜರ್ ಬಗ್ಗೆ ಹೆಚ್ಚು ಮಂದಿ ಗಮನಿಸದ ಒಂದು ಸಂಗತಿಯಿದೆ. ಅವಳು ಆರಿಸಿಕೊಂಡ ಭೂಪ್ರದೇಶದಲ್ಲಿ ತಂಡ ಮಂತ್ರದ ಕಾಟವಿಲ್ಲದೆ ದಾರಿ ತಪ್ಪುವುದಿಲ್ಲ, ಕಲ್ಲುಮುಳ್ಳಿನ ಹಾದಿ ಪಯಣವನ್ನು ನಿಧಾನ ಮಾಡುವುದಿಲ್ಲ, ಆಹಾರ ಇಮ್ಮಡಿ ಸಿಗುತ್ತದೆ. ಅವಳ ಶಕ್ತಿ ಕೆಲಸ ಮಾಡಿದಾಗ ಮೇಜಿನ ಮೇಲೆ ಏನೂ ನಡೆಯುವುದಿಲ್ಲ. ಡಿಎಂ ‘ಮೂರು ದಿನ ಕಾಡಿನಲ್ಲಿ ನಡೆದಿರಿ’ ಎಂದು ಒಂದೇ ವಾಕ್ಯದಲ್ಲಿ ದಾಟಿಸಿದರೆ ಅವಳ ಅರ್ಧ ಕ್ಲಾಸ್ ಮಾಯ. ಆ ಮೂರು ದಿನಗಳಲ್ಲಿ ಬೇರೆ ತಂಡವಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತಿತ್ತು, ಇವಳು ಹೇಗೆ ದಾಟಿಸಿದಳು ಎಂದು ನಾಲ್ಕು ಮಾತು ವರ್ಣಿಸಿ.

ಕೊಡುವುದು ಕಿತ್ತುಕೊಳ್ಳುವುದಕ್ಕಿಂತ ಮೇಲು ಎಂದೆನಲ್ಲ, ಇದು ಈ ಆಟ ಹುಟ್ಟಿದ ದಿನಗಳಿಂದ ಬಂದ ಬುದ್ಧಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೊದಲ ಆವೃತ್ತಿ ಹೊರತಂದಾಗ ಅದರಲ್ಲಿದ್ದದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್, ಮ್ಯಾಜಿಕ್ ಯೂಸರ್, ಕ್ಲೆರಿಕ್. ಅದಕ್ಕೂ ಮುನ್ನ ಆರ್ನೆಸನ್ ಅವರ ಬ್ಲ್ಯಾಕ್‌ಮೂರ್ ಆಟದಲ್ಲಿ ಸರ್ ಫ್ಯಾಂಗ್ ಎಂಬ ವ್ಯಾಂಪೈರ್ ಪಾತ್ರ ಯಾರ ಹಿಡಿತಕ್ಕೂ ಸಿಗದಷ್ಟು ಬಲವಾಗಿತ್ತು. ಅದನ್ನು ಎದುರಿಸಲೆಂದೇ ಇನ್ನೊಬ್ಬ ಆಟಗಾರನಿಗೆ ವ್ಯಾಂಪೈರ್ ಬೇಟೆಯ ಶಕ್ತಿಯುಳ್ಳ ಅರ್ಚಕನ ಪಾತ್ರ ಕೊಟ್ಟರು. ಕ್ಲೆರಿಕ್ ಬೆಳೆದದ್ದು ಅಲ್ಲಿಂದ. ವ್ಯಾಂಪೈರ್‌ನ ಹಲ್ಲು ಕೀಳಲು ಅವರು ಹೋಗಲಿಲ್ಲ.

ಹೆಕ್ಸ್‌ಬ್ಲೇಡ್ ಬಗ್ಗೆ ನಿಮಗೆ ಅಧಿಕಾರವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಮಲ್ಟಿಕ್ಲಾಸಿಂಗ್ (ಒಂದೇ ಪಾತ್ರಕ್ಕೆ ಎರಡು ಕ್ಲಾಸ್) ಮತ್ತು ಫೀಟ್ (ವಿಶೇಷ ಕೌಶಲ) ಎರಡೂ ಐಚ್ಛಿಕ ನಿಯಮಗಳು. ಡಿಎಂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಬೇಡವೆಂದರೆ ಅದು ಹೌಸ್ ರೂಲ್ ಕೂಡ ಅಲ್ಲ. ಪಲಾಡಿನ್ ಏಕೆ ಕೇಳುತ್ತಿದ್ದಾನೆ ಎಂಬುದೂ ಸ್ಪಷ್ಟ: 2017ರ ಕ್ಸನಾಥಾರ್ಸ್ ಗೈಡ್‌ನ ಈ ಸಬ್‌ಕ್ಲಾಸ್ ಒಂದೇ ಲೆವೆಲ್‌ನಲ್ಲಿ ಆಯುಧದ ದಾಳಿಗೂ ಕರಿಸ್ಮಾ (ವರ್ಚಸ್ಸಿನ ಅಂಕ) ಬಳಸಲು ಬಿಡುತ್ತದೆ. ಪಲಾಡಿನ್‌ನ ಮಂತ್ರ, 6ನೇ ಲೆವೆಲ್‌ನಲ್ಲಿ ಬರುವ ರಕ್ಷಣೆಯ ಆರಾ, ಈಗ ಕತ್ತಿಯೇಟು, ಮೂರೂ ಒಂದೇ ಗುಣದ ಮೇಲೆ ನಿಲ್ಲುತ್ತವೆ. ಆದರೆ ಇದಕ್ಕೆ ಅವನೂ ಬೆಲೆ ತೆರುತ್ತಾನೆ. ಮುಂದಿನ ಲೆವೆಲ್ ಅನ್ನು ವಾರ್‌ಲಾಕ್‌ಗೆ ಕೊಟ್ಟರೆ ಆ ಆರಾ 7ನೇ ಲೆವೆಲ್‌ಗೆ ಸರಿಯುತ್ತದೆ, ಆರು ಜನರ ತಂಡಕ್ಕೆ ಅದು ಸಣ್ಣ ನಷ್ಟವಲ್ಲ. ನಾನಾಗಿದ್ದರೆ ಪಲಾಡಿನ್ 6ನೇ ಲೆವೆಲ್ ಮುಗಿಸಲಿ, ಅಷ್ಟರಲ್ಲಿ ಆ ಕರಾಳ ಖಡ್ಗದೊಡನೆ ಒಪ್ಪಂದ ಏಕಾಯಿತು ಎಂಬುದು ಕಥೆಯಲ್ಲಿ ನಡೆಯಲಿ ಎನ್ನುತ್ತೇನೆ. ವಾರ್‌ಲಾಕ್ ಆಡುವವನನ್ನೂ ಕೇಳಿ. ತನ್ನ ಕ್ಲಾಸ್‌ನ ಕೆನೆಯನ್ನು ಮಾತ್ರ ಇನ್ನೊಬ್ಬ ತೆಗೆದುಕೊಂಡ ಎಂಬ ನೋವು ಅವನಿಗಾದರೆ ಅದೂ ಲೆಕ್ಕಕ್ಕೆ ಬರಬೇಕು.

ಆಯುಧ ಕೈಜಾರುವ ನಿಯಮವನ್ನು ಇವತ್ತೇ ತೆಗೆದುಹಾಕಿ. ಎರಡು ಸಲ ದಾಳ ಹಾಕುವ ಫೈಟರ್‌ಗೆ ಸರದಿಯಲ್ಲಿ ಒಮ್ಮೆಯಾದರೂ 1 ಬೀಳುವ ಸಾಧ್ಯತೆ ಶೇ. 9.75. 11ನೇ ಲೆವೆಲ್‌ನಲ್ಲಿ ಮೂರು ಏಟು ಬಂದಾಗ ಶೇ. 14ಕ್ಕಿಂತ ಹೆಚ್ಚು. ಕತ್ತಿವರಸೆ ಪಳಗಿದಷ್ಟೂ ಕತ್ತಿ ಹೆಚ್ಚು ಬೀಳುತ್ತದೆ! ಫೈರ್‌ಬಾಲ್ ಎಸೆಯುವ ವಿಜರ್ಡ್ ದಾಳಿಯ ದಾಳವನ್ನೇ ಹಾಕುವುದಿಲ್ಲ, ಅವನಿಗೆ ಈ ನಿಯಮ ಅನ್ವಯವೇ ಆಗುವುದಿಲ್ಲ. ಎಲ್ಲರಿಗೂ ಸಮಾನವೆಂದು ಕಾಣುವ ನಿಯಮ ಒಂದು ಕ್ಲಾಸನ್ನು ಮಾತ್ರ ಹೇಗೆ ಕಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ. ನಿಮ್ಮ ಫೈಟರ್‌ನ ಸಿಟ್ಟು ನ್ಯಾಯವಾದದ್ದು.

ಏನೇ ಬದಲಾವಣೆ ಮಾಡಿ, ಕಾಳಗದ ನಡುವೆ ಮಾಡಬೇಡಿ. ನಾನು ಕಂಡ ಒಂದು ಮೇಜಿನಲ್ಲಿ ಮಾಂಕ್ ಒಬ್ಬ ದೊಡ್ಡ ಖಳನನ್ನು ಸ್ಟನಿಂಗ್ ಸ್ಟ್ರೈಕ್‌ನಿಂದ ಮತ್ತೆ ಮತ್ತೆ ಹೊಡೆದು ನಿಲ್ಲಿಸಿದಾಗ ಡಿಎಂ ಅಲ್ಲೇ, ಆ ಕ್ಷಣದಲ್ಲೇ, ‘ಇನ್ನು ಸರದಿಗೆ ಒಂದೇ’ ಎಂದರು. ಆಟಗಾರ ಜಗಳವಾಡಲಿಲ್ಲ. ದಾಳಗಳನ್ನು ಕೆಳಗಿಟ್ಟ, ಕೆಲವು ವಾರಗಳಲ್ಲಿ ಬರುವುದನ್ನೇ ನಿಲ್ಲಿಸಿದ. ವಿಚಿತ್ರವೆಂದರೆ 2024ರ ಪುಸ್ತಕ ಅದೇ ಮಿತಿಯನ್ನು ತಂದಿದೆ. ಆದರೆ ಅದರೊಡನೆ ಮಾಂಕ್‌ನ ಬರಿಗೈ ಏಟಿನ ಮೊದಲ ದಾಳವನ್ನು ಡಿ4ರಿಂದ ಡಿ6ಕ್ಕೆ ಏರಿಸಿದೆ. ತೆಗೆದದ್ದಕ್ಕೆ ಬದಲು ಕೊಟ್ಟಿದೆ, ಅದೂ ಆಟ ಶುರುವಾಗುವ ಮೊದಲೇ ಹೇಳಿ. ನೀವೂ ಸೆಷನ್ ಇಲ್ಲದ ದಿನ ಸಂಬಂಧಪಟ್ಟವರೊಡನೆ ಮೊದಲು ಒಬ್ಬೊಬ್ಬರಾಗಿ ಮಾತನಾಡಿ, ಆಮೇಲೆ ಎಲ್ಲರೆದುರು ಓದಿ, ಒಂದು ಹಾಳೆಯಲ್ಲಿ ಬರೆದಿಡಿ. ನಾಲ್ಕು ಸೆಷನ್ ಪ್ರಯೋಗಕ್ಕೆಂದು ಇಟ್ಟುಕೊಳ್ಳಿ. ಯಾರ ಕ್ಲಾಸ್ ಬದಲಾಯಿತೋ ಅವರಿಗೆ ತಮ್ಮ ಪಾತ್ರವನ್ನು ಹೊಸದಾಗಿ ಕಟ್ಟಿಕೊಳ್ಳುವ ಅವಕಾಶ ಕೊಡಿ; ಹಳೆಯ ನಿಯಮವನ್ನು ನಂಬಿ ಅವರು ಆಯ್ಕೆ ಮಾಡಿದ್ದರು.

2024ರ ಕ್ಲಾಸ್‌ಗಳನ್ನು ಬೆರೆಸುವುದು ಸಾಧ್ಯ, ಹಳೆಯ ಸಾಹಸಕಥೆಗಳೊಡನೆ ಅವು ನಡೆಯುವಂತೆಯೇ ಬರೆದಿದ್ದಾರೆ. ಆದರೆ ಒಬ್ಬರಿಗೆ ಹೊಸದು, ಐವರಿಗೆ ಹಳೆಯದು ಎಂದು ಮಾಡಬೇಡಿ. ಹೊಸ ಫೈಟರ್‌ಗೆ ವೆಪನ್ ಮಾಸ್ಟರಿ (ಆಯುಧದ ವಿಶೇಷ ಗುಣ ಬಳಸುವ ಶಕ್ತಿ) ಇದೆ, ಹೊಸ ಪಲಾಡಿನ್‌ನ ಸ್ಮೈಟ್ ಬೋನಸ್ ಆ್ಯಕ್ಷನ್‌ನ ಮಂತ್ರವಾಗಿದೆ, ಎಲ್ಲ ಸಬ್‌ಕ್ಲಾಸ್‌ಗಳೂ 3ನೇ ಲೆವೆಲ್‌ಗೆ ಸರಿದಿವೆ. ಕರಿಸ್ಮಾದಿಂದ ಕತ್ತಿ ಬೀಸುವ ಸೌಲಭ್ಯ ಮಾತ್ರ ವಾರ್‌ಲಾಕ್‌ನ 1ನೇ ಲೆವೆಲ್‌ನಲ್ಲೇ ಉಳಿದಿದೆ, ಹಾಗಾಗಿ ಪಲಾಡಿನ್ ಪ್ರಶ್ನೆ ಅಲ್ಲಿಯೂ ನಿಮ್ಮನ್ನು ಬಿಡುವುದಿಲ್ಲ. ಒಂದೇ ಹೆಸರಿನ ಮಂತ್ರ ಎರಡು ಪುಸ್ತಕದಲ್ಲಿ ಎರಡು ಬಗೆಯಾಗಿದ್ದರೆ ಯಾವುದು ನಡೆಯುತ್ತದೆ ಎಂದು ಮೊದಲೇ ಗೊತ್ತುಮಾಡಬೇಕು. ನಡುವಿನಲ್ಲಿರುವ ಕಥೆಯನ್ನು 2014ರಲ್ಲೇ ಮುಗಿಸಿ. ಸದ್ಯಕ್ಕೆ ತೋಳವನ್ನು ಎಬ್ಬಿಸಿ, ಕತ್ತಿ ಬೀಳುವ ನಿಯಮ ಅಳಿಸಿ, ಗುಹೆಯ ದಿನವನ್ನು ಎರಡು ಸೆಷನ್‌ಗೆ ಹಿಗ್ಗಿಸಿ. ರೋಗ್ ಬಗ್ಗೆ ಆಗಲೂ ದೂರು ಉಳಿದಿದ್ದರೆ, ಮೂರು ಕಾಳಗಗಳಲ್ಲಿ ಯಾರು ಎಷ್ಟು ಡ್ಯಾಮೇಜ್ ಮಾಡಿದರು ಎಂದು ಗುರುತು ಹಾಕಿಕೊಂಡು ಮತ್ತೆ ಬರೆಯಿರಿ. ಅಂಕಿಗಳನ್ನು ಮುಂದಿಟ್ಟುಕೊಂಡೇ ನೋಡೋಣ.